ಮಗು ಎಲ್ಲಿದೆ ಎಂದು ಕೇಳುವ ಹಕ್ಕು

ಹದಿನೆಂಟು ತುಂಬದ ಹುಡುಗನೊಬ್ಬನನ್ನು ಅಪರಾಧದ ಆರೋಪದ ಮೇಲೆ ಪೊಲೀಸರು ಕರೆದೊಯ್ದಾಗ ಎರಡು ಪ್ರಶ್ನೆಗಳು ಏಕಕಾಲಕ್ಕೆ ಏಳುತ್ತವೆ: ಅವನು ಏನು ಮಾಡಿದ ಎಂದು ನ್ಯಾಯವ್ಯವಸ್ಥೆ ಕೇಳುತ್ತದೆ, ಅವನು ಎಲ್ಲಿದ್ದಾನೆ ಎಂದು ಮನೆಯವರು ಕೇಳುತ್ತಾರೆ. ಮೊದಲನೆಯ ಪ್ರಶ್ನೆಗೆ ಕೊಟ್ಟಷ್ಟು ಗಮನವನ್ನು ನೀತಿಶಾಸ್ತ್ರವಾಗಲಿ ಧರ್ಮಶಾಸ್ತ್ರವಾಗಲಿ ಎರಡನೆಯದಕ್ಕೆ ಕೊಟ್ಟಿಲ್ಲ. ಎಳವೆಯಲ್ಲಿ ಮಾಡಿದ ತಪ್ಪಿಗೆ ಹೊಣೆ ಎಷ್ಟು, ಶಿಕ್ಷೆ ಎಷ್ಟು, ಕ್ಷಮೆ ಎಷ್ಟು ಎಂಬುದನ್ನು ಅವು ಶತಮಾನಗಳಿಂದ ತೂಗಿ ನೋಡಿವೆ, ಆದರೆ ವಶದಲ್ಲಿರುವ ಮಗು ಎಲ್ಲಿದೆ ಎಂದು ತಿಳಿಯುವುದು ತಾಯಿತಂದೆಗೆ ಸಲ್ಲಬೇಕಾದ ನ್ಯಾಯವೇ ಅಥವಾ ಅಧಿಕಾರಿಯೊಬ್ಬ ತೋರಬಹುದಾದ ದಯೆಯೇ ಎಂಬ ವಿಚಾರ ಕಚೇರಿಯ ಸಣ್ಣ ವಿವರವೆಂಬಂತೆ ಬದಿಗೆ ಸರಿದಿದೆ. ಸರಿಯಾಗಿ ನೋಡಿದರೆ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದೇ. ಏಕೆಂದರೆ ಹುಡುಗ ಏನು ಮಾಡಿದನೆಂಬುದು ವಿಚಾರಣೆಯ ಕೊನೆಗೆ ತಿಳಿಯುವ ಸಂಗತಿ. ಅವನು ಒಬ್ಬರ ಮಗನೆಂಬುದು ವಿಚಾರಣೆ ಶುರುವಾಗುವ ಮೊದಲೇ ನಿಶ್ಚಿತವಾಗಿರುವ ಸಂಗತಿ, ಮತ್ತು ಆರೋಪ ರುಜುವಾತಾದರೂ ಅದು ಸುಳ್ಳಾಗುವುದಿಲ್ಲ.

ಈ ಪ್ರಶ್ನೆಯನ್ನು ಒಂದು ಊರಿನ ನೆಲದ ಮೇಲೆ ನಿಲ್ಲಿಸಿ ನೋಡುವುದಾದರೆ ಬಾಂದ್ರಾ ಅದಕ್ಕೆ ತಕ್ಕ ಜಾಗ. ಮೌಂಟ್ ಮೇರಿ ಗುಡ್ಡದ ಮೇಲಿನ ಇಗರ್ಜಿ, ರೈಲು ಹಳಿಯ ಪಕ್ಕದಲ್ಲಿ ಒತ್ತೊತ್ತಾಗಿ ಬೆಳೆದ ಬೆಹ್ರಾಮ್‌ಪಾಡಾ, ಖೇರ್‌ವಾಡಿಯ ಕಾರ್ಮಿಕರ ಮನೆಗಳು, ದೂರದ ಊರುಗಳಿಂದ ಬರುವ ರೈಲುಗಳು ಕೊನೆಗೊಳ್ಳುವ ಬಾಂದ್ರಾ ಟರ್ಮಿನಸ್, ಇವೆಲ್ಲವೂ ಅಲ್ಲಿ ಒಂದರ ಮಗ್ಗುಲಲ್ಲಿ ಒಂದಿವೆ. ಮುಂಬಯಿ ಉಪನಗರ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿ ಬಾಂದ್ರಾ ಪೂರ್ವದಲ್ಲಿದೆ. ಮಾಹಿಮ್ ಖಾರಿಯನ್ನು ದಾಟಿದೊಡನೆ ಮುಂಬಯಿ ನಗರ ಜಿಲ್ಲೆ ಆರಂಭವಾಗುತ್ತದೆ. ಕಾನೂನಿನ ಪ್ರಕಾರ ಪ್ರತಿ ಜಿಲ್ಲೆಗೂ ಬೇರೆಯದೇ ಬಾಲ ನ್ಯಾಯ ಮಂಡಳಿ ಇರಬೇಕಾದುದರಿಂದ, ಸೇತುವೆಯ ಈಚೆಗೆ ಮನೆಯಿದ್ದು ಆಚೆಗೆ ಸಿಕ್ಕಿಬಿದ್ದ ಹುಡುಗನ ಪ್ರಕರಣ ಮನೆಯವರು ಊಹಿಸಿಯೂ ಇರದ ಜಿಲ್ಲೆಯ ಮಂಡಳಿಯ ಮುಂದಿರಬಹುದು. ಹತ್ತು ನಿಮಿಷದಲ್ಲಿ ನಡೆದು ದಾಟಬಹುದಾದ ಆ ಗಡಿ ಮಗನನ್ನು ಹುಡುಕುವ ತಾಯಿಗೆ ಕಾಣುವಂಥದಲ್ಲ.

ಮಂಡಳಿ ಎಂದರೆ ಏನೆಂಬುದನ್ನು ಇಲ್ಲಿ ಹೇಳಬೇಕು. 2015ರ ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2016ರ ಜನವರಿ 15ರಂದು ಜಾರಿಗೆ ಬಂತು. ಅಪರಾಧದ ಆರೋಪ ಹೊತ್ತ ಮಗುವನ್ನು ಅದು ಅಪರಾಧಿಯೆಂದು ಕರೆಯದೆ ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’ ಎಂದು ಕರೆಯುತ್ತದೆ, ಮತ್ತು ಅಂಥ ಮಗುವಿನ ವಿಚಾರಣೆಯನ್ನು ಒಬ್ಬ ಮ್ಯಾಜಿಸ್ಟ್ರೇಟ್ ಹಾಗೂ ಇಬ್ಬರು ಸಮಾಜ ಕಾರ್ಯಕರ್ತರು ಕೂಡಿದ ಮಂಡಳಿಗೆ ಒಪ್ಪಿಸುತ್ತದೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ವಶಕ್ಕೆ ತೆಗೆದುಕೊಂಡ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು. ವಿಚಾರಣೆ ಮುಗಿಯುವ ತನಕ ಜಾಮೀನು ಸಿಗದ ಮಗು ಇರಬೇಕಾದ ಜಾಗ ವೀಕ್ಷಣಾಲಯ, ಜನರ ಬಾಯಲ್ಲಿ ಇಂದಿಗೂ ರಿಮಾಂಡ್ ಹೋಮ್. ಇದೇ ಕಾಯ್ದೆಯ 13ನೆಯ ಕಲಮು ಮಗುವನ್ನು ಹಿಡಿದ ಕೂಡಲೇ, ಆದಷ್ಟು ಬೇಗ, ತಾಯಿತಂದೆಗೆ ಅಥವಾ ಪೋಷಕರಿಗೆ ತಿಳಿಸಿ ಮಂಡಳಿಯ ಮುಂದೆ ಬರುವಂತೆ ಸೂಚಿಸಬೇಕೆಂದು ಪೊಲೀಸರ ಮೇಲೆ ಕರ್ತವ್ಯ ಹೊರಿಸುತ್ತದೆ. ಪ್ರತಿ ಠಾಣೆಯಲ್ಲೂ ಇದಕ್ಕೆಂದೇ ನಿಯೋಜಿತನಾದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಅಂದರೆ ಹುಡುಕುವ ಕೆಲಸ ಕಾನೂನಿನ ದೃಷ್ಟಿಯಲ್ಲಿ ಮನೆಯವರದಲ್ಲ, ಹಿಡಿದವರದು.

ಈ ಕರ್ತವ್ಯಕ್ಕೆ ಅಂತರರಾಷ್ಟ್ರೀಯ ಬೆಂಬಲವೂ ಇದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಬಂಧನದಂತಹ ಪ್ರಭುತ್ವದ ಕ್ರಮದಿಂದಲೇ ಮಗು ಮನೆಯಿಂದ ಬೇರೆಯಾಗಿದ್ದರೆ, ಕೇಳಿದ ತಾಯಿತಂದೆಗೆ ಅದು ಎಲ್ಲಿದೆಯೆಂಬ ಮಾಹಿತಿಯನ್ನು ಆ ಪ್ರಭುತ್ವವೇ ಕೊಡಬೇಕೆಂದು ಅದರ 9ನೆಯ ವಿಧಿ ಹೇಳುತ್ತದೆ, ಪತ್ರ ಮತ್ತು ಭೇಟಿಗಳ ಮೂಲಕ ಮನೆಯ ಸಂಪರ್ಕ ಉಳಿಸಿಕೊಳ್ಳುವುದು ಬಂಧನದಲ್ಲಿರುವ ಮಗುವಿನ ಹಕ್ಕೆಂದು 37ನೆಯ ವಿಧಿ ಹೇಳುತ್ತದೆ. ಒಂದು ತಾಯಿತಂದೆಯ ಹಕ್ಕು, ಇನ್ನೊಂದು ಮಗುವಿನ ಹಕ್ಕು. ಇವೆರಡು ಸಾಮಾನ್ಯವಾಗಿ ಕೂಡಿಯೇ ಹೋಗುತ್ತವಾದರೂ ಕೆಲವೊಮ್ಮೆ ಬೇರೆಯಾಗುತ್ತವೆ. ಆ ಕಠಿಣ ಸ್ಥಿತಿಯನ್ನು ಮುಂದೆ ನೋಡಬಹುದು. ಸುದ್ದಿ ಮುಟ್ಟಿಸುವ ಕರ್ತವ್ಯವನ್ನು ಕುರಿತ ಇನ್ನೂ ಹಿಂದಿನ ಒಂದು ತೀರ್ಪು ಮುಂಬಯಿಯ ಲಾಕಪ್ಪುಗಳಿಂದಲೇ ಹುಟ್ಟಿದುದು. ಪತ್ರಕರ್ತೆ ಶೀಲಾ ಬರ್ಸೆ ಅಲ್ಲಿನ ಮಹಿಳಾ ಕೈದಿಗಳ ಸ್ಥಿತಿಯನ್ನು ಕುರಿತು ಬರೆದ ಪತ್ರವನ್ನು ಅರ್ಜಿಯಾಗಿ ಪರಿಗಣಿಸಿದ ಸುಪ್ರೀಂ ಕೋರ್ಟ್, ಬಂಧಿತ ವ್ಯಕ್ತಿ ತಿಳಿಸಬಯಸುವ ಬಂಧು ಅಥವಾ ಸ್ನೇಹಿತನ ಹೆಸರನ್ನು ಪೊಲೀಸರು ಕೂಡಲೇ ಕೇಳಿ ಪಡೆದು ಅವರಿಗೆ ಸುದ್ದಿ ಮುಟ್ಟಿಸಬೇಕೆಂದು 1983ರಲ್ಲಿ ಆದೇಶಿಸಿತು. ಮಕ್ಕಳನ್ನು ಜೈಲುಗಳಲ್ಲಿ ಇಡುವುದರ ವಿರುದ್ಧದ 1986ರ ಪ್ರಕರಣದ ಹಿಂದೆಯೂ ಇದ್ದವರು ಆಕೆಯೇ.

ಸುದ್ದಿ ಮುಟ್ಟಿಸದಿದ್ದರೆ ಆಗುವ ಅನ್ಯಾಯ ಯಾವ ಬಗೆಯದೆಂಬುದನ್ನು ಅಮೆರಿಕದ ಒಂದು ಪ್ರಕರಣ ಸ್ಪಷ್ಟಪಡಿಸುತ್ತದೆ. ಅರಿಜೋನಾ ರಾಜ್ಯದಲ್ಲಿ 1964ರ ಜೂನಿನಲ್ಲಿ, ನೆರೆಯ ಮಹಿಳೆಗೆ ಅಸಭ್ಯ ದೂರವಾಣಿ ಕರೆ ಮಾಡಿದನೆಂಬ ದೂರಿನ ಮೇಲೆ ಹದಿನೈದು ವರ್ಷದ ಹುಡುಗನೊಬ್ಬನನ್ನು ತಾಯಿತಂದೆ ಇಬ್ಬರೂ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಪೊಲೀಸರು ಕರೆದೊಯ್ದರು. ಮನೆಯಲ್ಲಿ ಒಂದು ಚೀಟಿಯನ್ನೂ ಇಡಲಿಲ್ಲ. ಸಂಜೆ ಮನೆಗೆ ಬಂದ ತಾಯಿ ದೊಡ್ಡ ಮಗನನ್ನು ಹುಡುಕಲು ಕಳಿಸಿದ ಮೇಲೆ ನೆರೆಯವರಿಂದ ವಿಷಯ ತಿಳಿಯಿತು. ವಯಸ್ಕನಾಗಿದ್ದರೆ 5ರಿಂದ 50 ಡಾಲರ್ ದಂಡ ಅಥವಾ ಹೆಚ್ಚೆಂದರೆ ಎರಡು ತಿಂಗಳ ಸೆರೆ ಆಗಬಹುದಾಗಿದ್ದ ತಪ್ಪಿಗೆ ಆ ಹುಡುಗನನ್ನು ಇಪ್ಪತ್ತೊಂದು ವಯಸ್ಸಾಗುವವರೆಗೆ ಸುಧಾರಣಾ ಶಾಲೆಯಲ್ಲಿ ಇಡಬೇಕೆಂದು ನ್ಯಾಯಾಧೀಶರು ಆಜ್ಞೆ ಮಾಡಿದರು. 1967ರ ಮೇ 15ರಂದು ಆ ದೇಶದ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿ, ಮಗುವಿಗೂ ತಾಯಿತಂದೆಗೂ ಆರೋಪದ ತಿಳಿವಳಿಕೆ ಪತ್ರ ಮತ್ತು ವಕೀಲರ ನೆರವು ಸಲ್ಲಲೇಬೇಕೆಂದು ತೀರ್ಪು ಕೊಟ್ಟಿತು. ಗಾಲ್ಟ್ ಪ್ರಕರಣವೆಂದು ಹೆಸರಾದ ಇದರಲ್ಲಿ ಗಮನಿಸಬೇಕಾದ ತಾತ್ವಿಕ ಸಂಗತಿಯೆಂದರೆ, ಕೆಳಗಿನ ನ್ಯಾಯಾಲಯ ಕ್ರೂರವಾಗಿರಲು ಬಯಸಿರಲಿಲ್ಲ. ತಾನು ಮಗುವಿಗೆ ಶಿಕ್ಷೆ ಕೊಡುತ್ತಿಲ್ಲ, ತಂದೆಯ ಸ್ಥಾನದಲ್ಲಿ ನಿಂತು ಹಿತ ಮಾಡುತ್ತಿದ್ದೇನೆ ಎಂದು ಆ ವ್ಯವಸ್ಥೆ ನಂಬಿತ್ತು. ಹಿತ ಮಾಡುವವನು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲವೆಂಬ ಭಾವವೇ ಆ ಮನೆಯಲ್ಲಿ ಚೀಟಿ ಇಲ್ಲದಂತೆ ಮಾಡಿದ್ದು.

ಪ್ರಭುತ್ವವೇ ತಂದೆಯೆಂಬ ಈ ತತ್ತ್ವ ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಬೆಳೆದುದಾದರೂ ಭಾರತೀಯ ಮನಸ್ಸಿಗೆ ಹೊಸದಲ್ಲ. ಕಾಳಿದಾಸನ ರಘುವಂಶದಲ್ಲಿ ದಿಲೀಪ ಮಹಾರಾಜನ ವರ್ಣನೆ ಬರುವಾಗ, ರಕ್ಷಣೆ, ಪೋಷಣೆ, ಶಿಕ್ಷಣಗಳನ್ನು ಕೊಟ್ಟದ್ದರಿಂದ ಪ್ರಜೆಗಳಿಗೆ ತಂದೆಯೆನಿಸಿದವನು ಅವನೇ, ಹೆತ್ತವರು ಹುಟ್ಟಿಗೆ ಕಾರಣರಾದವರು ಮಾತ್ರ ಎಂಬ ಆಶಯದ ಪ್ರಶಂಸೆಯಿದೆ. ರಾಜನ ಕರ್ತವ್ಯವನ್ನು ಎತ್ತಿ ಹಿಡಿಯುವ ದೃಷ್ಟಿಯಿಂದ ಈ ಪ್ರಶಂಸೆ ಉದಾತ್ತವಾದುದು. ಆದರೆ ಅದನ್ನೇ ಆಡಳಿತದ ಸೂತ್ರವಾಗಿ ತೆಗೆದುಕೊಂಡಾಗ ಹೆತ್ತವರು ಬರಿಯ ಜನ್ಮಕಾರಣಗಳಾಗಿ ಕುಗ್ಗಿಹೋಗುತ್ತಾರೆ, ಮತ್ತು ಬಡ ಹೆತ್ತವರ ಮಟ್ಟಿಗೆ ಹಾಗೆ ಕುಗ್ಗಿಸುವುದು ಅಧಿಕಾರಕ್ಕೆ ಬಹಳ ಸುಲಭ.

ಹತ್ತೊಂಬತ್ತನೆಯ ಶತಮಾನದ ಸುಧಾರಣಾ ಶಾಲೆಗಳು ನಿಂತದ್ದು ಇದೇ ನಂಬಿಕೆಯ ಮೇಲೆ. ಬಾಂದ್ರಾದ ಎದುರು, ಖಾರಿಯ ಆಚೆ ಮಾಹಿಮ್‌ನಲ್ಲಿ ಇಂದಿಗೂ ನಡೆಯುತ್ತಿರುವ ಡೇವಿಡ್ ಸಸೂನ್ ಕೈಗಾರಿಕಾ ಶಾಲೆಯ ಮೂಲ 1857ರಷ್ಟು ಹಿಂದಿನದು. ಬಗ್ದಾದಿನಿಂದ ಮುಂಬಯಿಗೆ ಬಂದು ನೆಲೆಸಿದ ಯಹೂದಿ ವರ್ತಕ ಡೇವಿಡ್ ಸಸೂನನ ಹೆಸರನ್ನು ಅದು ಹೊತ್ತಿದೆ. ಹತ್ತರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಕಸುಬು ಕಲಿಯಲು ಕರಾರಿನ ಮೇಲೆ ಒಪ್ಪಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟ 1850ರ ಅಪ್ರೆಂಟಿಸ್ ಕಾಯ್ದೆ, ಬಳಿಕ 1876 ಮತ್ತು 1897ರ ಸುಧಾರಣಾ ಶಾಲೆಗಳ ಕಾಯ್ದೆಗಳು, ಇವುಗಳ ಕಾಲದ ದೃಷ್ಟಿಯಲ್ಲಿ ಮನೆಯೇ ರೋಗದ ಮೂಲ, ಅಗಲಿಕೆಯೇ ಔಷಧ. ಈ ಸಂಸ್ಥೆಗಳು ಅನೇಕ ಮಕ್ಕಳಿಗೆ ಅನ್ನ, ಅಕ್ಷರ, ಕಸುಬು ಕೊಟ್ಟವು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಹೆತ್ತವರಿಗೆ ತಿಳಿಸುವುದು ಆ ಚಿಂತನೆಯಲ್ಲಿ ಕರ್ತವ್ಯವಾಗುವುದು ಕಷ್ಟವಿತ್ತು, ಏಕೆಂದರೆ ಯಾರಿಂದ ಮಗುವನ್ನು ಉಳಿಸಬೇಕೆಂದಿತ್ತೋ ಅವರಿಗೇ ತಾಣ ತಿಳಿಸುವುದು ಅಲ್ಲಿ ವಿರೋಧಾಭಾಸವೆನಿಸುತ್ತಿತ್ತು. 1924ರ ಮುಂಬಯಿ ಮಕ್ಕಳ ಕಾಯ್ದೆ, 1927ರಲ್ಲಿ ಆರಂಭವಾದ ಚಿಲ್ಡ್ರನ್ಸ್ ಏಡ್ ಸೊಸೈಟಿ, 1936ರಲ್ಲಿ ನಾಗಪಾಡಾದಲ್ಲಿ ಶುರುವಾಗಿ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಗಿ ಬೆಳೆದ ಸಮಾಜಕಾರ್ಯ ಶಾಲೆ, ಇವುಗಳ ಮೂಲಕ ನಿಧಾನವಾಗಿ ದೃಷ್ಟಿ ಬದಲಾಯಿತು. ಸೊಸೈಟಿಯ ವೀಕ್ಷಣಾಲಯವಿರುವುದು ಉಮರ್‌ಖಾಡಿಯ ಹಳೆಯ ಜೈಲಿನ ಆವರಣದಲ್ಲಿ. ಜನ ಅದನ್ನು ‘ಡೋಂಗ್ರಿ’ ಎಂದಷ್ಟೇ ಕರೆಯುತ್ತಾರೆ. 2015ರ ಕಾಯ್ದೆಯ ಮೂಲತತ್ತ್ವಗಳಲ್ಲಿ ಮಗುವಿನ ಪಾಲನೆಯ ಪ್ರಾಥಮಿಕ ಹೊಣೆ ಕುಟುಂಬದ್ದು ಎಂಬುದೂ, ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ಮಾರ್ಗ ಎಂಬುದೂ ಸೇರಿವೆ. ಸಸೂನ್ ಶಾಲೆಯ ಕಾಲದ ನಂಬಿಕೆ ಇಲ್ಲಿ ತಲೆಕೆಳಗಾಗಿದೆ.

ಧಾರ್ಮಿಕ ಪರಂಪರೆಗಳು ಈ ವಿಷಯದಲ್ಲಿ ಏನು ಹೇಳುತ್ತವೆ? ಬಾಲ್ಯದ ಹೊಣೆಯ ಬಗ್ಗೆ ಮಹಾಭಾರತದ ಆದಿಪರ್ವದ ಮಾಂಡವ್ಯನ ಕಥೆ ಮುಖ್ಯವಾದುದು. ಕಳ್ಳರು ತನ್ನ ಆಶ್ರಮದಲ್ಲಿ ಅಡಗಿದ್ದಾಗ ಮೌನವ್ರತದಲ್ಲಿದ್ದ ಋಷಿ ರಾಜಭಟರ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಆ ಮೌನವೇ ತಪ್ಪೊಪ್ಪಿಗೆಯೆಂದು ಭಾವಿಸಿ ಅವನನ್ನು ಶೂಲಕ್ಕೆ ಏರಿಸಲಾಯಿತು. ಬಾಲ್ಯದಲ್ಲಿ ಪುಟ್ಟ ಕೀಟಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದರ ಫಲ ಇದೆಂದು ಧರ್ಮದೇವತೆ ವಿವರಿಸಿದಾಗ ಮಾಂಡವ್ಯ ಅದನ್ನು ಒಪ್ಪದೆ, ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವೆನಿಸಬಾರದೆಂದು ಮರ್ಯಾದೆ ವಿಧಿಸಿ, ಧರ್ಮನು ಮನುಷ್ಯನಾಗಿ ಹುಟ್ಟಲೆಂದು ಶಪಿಸಿದ. ದಾಸಿಯ ಮಗ ವಿದುರನಾಗಿ ಅವನು ಹುಟ್ಟಿದ. ಈ ಶಾಪವನ್ನು ಬರಿಯ ಪ್ರತೀಕಾರವಾಗಿ ಓದಬೇಕಾಗಿಲ್ಲ. ಬಾಲ್ಯವನ್ನು ಲೆಕ್ಕಕ್ಕೆ ಹಿಡಿಯದೆ ತೀರ್ಪು ಕೊಟ್ಟ ನ್ಯಾಯಾಧೀಶನು ತಾನೇ ಮಗುವಾಗಿ, ಒಬ್ಬ ತಾಯಿಯ ಮಡಿಲಿಗೆ ಸೇರಿ, ಒಂದು ಮನೆಯಲ್ಲಿ ಬೆಳೆಯಬೇಕಾಯಿತು ಎಂಬಲ್ಲಿ ಆ ಕಥೆಯ ನ್ಯಾಯ ಇದೆ. ಇಸ್ಲಾಮಿನ ನ್ಯಾಯಚಿಂತನೆಯಲ್ಲೂ ಇದಕ್ಕೆ ಹತ್ತಿರದ ವಿಚಾರವಿದೆ: ಪ್ರಾಯಕ್ಕೆ ಬರುವ ತನಕ ಮಗುವಿನ ಕೃತ್ಯಗಳನ್ನು ಬರೆಯುವ ಲೇಖನಿಯನ್ನು ಎತ್ತಿಡಲಾಗಿದೆ ಎಂಬ ಅರ್ಥದ ಪ್ರವಾದಿವಚನವನ್ನು ಹದೀಸ್ ಸಂಗ್ರಹಗಳು ದಾಖಲಿಸಿವೆ. ಇಂದಿನ ದಂಡಸಂಹಿತೆ ಏಳು ವರ್ಷದೊಳಗಿನ ಮಗುವಿನ ಕೃತ್ಯವನ್ನು ಅಪರಾಧವೆಂದೇ ಎಣಿಸುವುದಿಲ್ಲ, ಏಳರಿಂದ ಹನ್ನೆರಡರವರೆಗೆ ತಿಳಿವಳಿಕೆಯ ಮಟ್ಟವನ್ನು ನೋಡುತ್ತದೆ.

ಇವೆಲ್ಲ ಹೊಣೆಯನ್ನು ಕುರಿತ ಉತ್ತರಗಳು. ತಾಣವನ್ನು ಕುರಿತ ಪ್ರಶ್ನೆ ಧರ್ಮಗ್ರಂಥಗಳಲ್ಲಿ ಶಾಸನವಾಗಿ ಬರದೆ ಕಥೆಯಾಗಿ ಬರುತ್ತದೆ, ಮತ್ತು ಬಾಂದ್ರಾದ ಗುಡ್ಡದ ಮೇಲಿನ ಮಾತೆ ಮೇರಿಯ ಜೀವನದಲ್ಲೇ ಅಂಥ ಒಂದು ಕಥೆಯಿದೆ. ಲೂಕನ ಸುವಾರ್ತೆಯ ಪ್ರಕಾರ ಹನ್ನೆರಡು ವರ್ಷದ ಯೇಸು ಹಬ್ಬದ ಜನಸಂದಣಿಯಲ್ಲಿ ಜೆರೂಸಲೇಮಿನಲ್ಲೇ ಉಳಿದುಬಿಟ್ಟ. ಬಂಧುಗಳ ಗುಂಪಿನಲ್ಲಿ ಇರಬಹುದೆಂದು ಭಾವಿಸಿ ಒಂದು ದಿನದ ದಾರಿ ನಡೆದ ತಾಯಿತಂದೆ ಮರಳಿ ಬಂದು, ಮೂರು ದಿನಗಳ ನಂತರ ದೇವಾಲಯದಲ್ಲಿ ಗುರುಗಳ ನಡುವೆ ಕುಳಿತಿದ್ದ ಅವನನ್ನು ಕಂಡರು. ಕಥೋಲಿಕ ಭಕ್ತಿಪರಂಪರೆ ಈ ಅಗಲಿಕೆಯನ್ನು ಮೇರಿಯ ಏಳು ವ್ಯಾಕುಲಗಳಲ್ಲಿ ಒಂದಾಗಿಯೂ, ಮರಳಿ ಕಂಡದ್ದನ್ನು ಜಪಸರದ ಸಂತೋಷದ ರಹಸ್ಯಗಳಲ್ಲಿ ಒಂದಾಗಿಯೂ ಎಣಿಸುತ್ತದೆ. ಇಲ್ಲಿ ಮಗ ತಪ್ಪು ಮಾಡಿರಲಿಲ್ಲ, ಅವನಿದ್ದ ಜಾಗ ಕೆಟ್ಟದ್ದಾಗಿರಲಿಲ್ಲ, ಅದಕ್ಕಿಂತ ಪವಿತ್ರವಾದ ಜಾಗ ಯಹೂದಿ ಜನಾಂಗಕ್ಕೆ ಇರಲೇ ಇಲ್ಲ. ಆದರೂ ತಾಯಿಯ ಮೂರು ದಿನಗಳ ಸಂಕಟವನ್ನು ಸುವಾರ್ತೆ ಅರ್ಥಹೀನವೆಂದು ತಳ್ಳಿಹಾಕುವುದಿಲ್ಲ, ಅವಳ ಪ್ರಶ್ನೆಯನ್ನು ದಾಖಲಿಸುತ್ತದೆ. ಇದರಿಂದ ಒಂದು ನಿರ್ಣಾಯಕ ನಿಲುವು ದೊರೆಯುತ್ತದೆ. ಮಗು ಒಳ್ಳೆಯ ಜಾಗದಲ್ಲಿದೆ ಎಂಬುದು, ಮಗು ಎಲ್ಲಿದೆಯೆಂದು ತಿಳಿಸದೆ ಇರಲು ಸಮರ್ಥನೆಯಾಗುವುದಿಲ್ಲ. ವೀಕ್ಷಣಾಲಯದಲ್ಲಿ ಊಟ, ಪಾಠ, ವೈದ್ಯ, ಆಟದ ಬಯಲು ಎಲ್ಲವೂ ಸರಿಯಾಗಿದ್ದರೂ, ಬೆಹ್ರಾಮ್‌ಪಾಡಾದ ಒಂದು ಕೋಣೆಯಲ್ಲಿ ಮಗ ಸತ್ತನೋ ಬದುಕಿದ್ದಾನೋ ತಿಳಿಯದೆ ಕಳೆದ ರಾತ್ರಿಯ ಲೆಕ್ಕ ಅದರಿಂದ ಚುಕ್ತಾ ಆಗುವುದಿಲ್ಲ. ಕುರಾನಿನ ಯೂಸುಫ್ ಅಧ್ಯಾಯದಲ್ಲಿ ಮಗನಿಗಾಗಿ ಅತ್ತು ಕಣ್ಣು ಬೆಳ್ಳಗಾದ ತಂದೆ ಯಾಕೂಬ್, ನಿರಾಶರಾಗದೆ ಹೋಗಿ ಯೂಸುಫನ ಸುಳಿವು ಹುಡುಕಿರೆಂದು ಉಳಿದ ಮಕ್ಕಳಿಗೆ ಹೇಳುವಾಗಲೂ, ದೇವರ ಮೇಲಿನ ಭರವಸೆ ಹುಡುಕಾಟಕ್ಕೆ ಬದಲಿಯಾಗುವುದಿಲ್ಲ, ಹುಡುಕಾಟದ ಬಲವಾಗುತ್ತದೆ.

ಪ್ರತಿ ಸೆಪ್ಟೆಂಬರಿನಲ್ಲಿ ಮೌಂಟ್ ಮೇರಿ ಜಾತ್ರೆಗೆ ಬರುವ ಎಲ್ಲ ಮತದವರೂ ತಮ್ಮ ಬೇಡಿಕೆಗೆ ತಕ್ಕ ಆಕಾರದ ಮೇಣದ ರೂಪಗಳನ್ನು, ಕೈಕಾಲು, ಮನೆ, ಮಗುವಿನ ಆಕೃತಿಗಳನ್ನು ಕೊಂಡು ಅರ್ಪಿಸುತ್ತಾರೆ. ಪ್ರಾರ್ಥನೆ ಮನುಷ್ಯರು ಉತ್ತರಿಸಲಾರದ ಪ್ರಶ್ನೆಗಳಿಗೆ ಇರುವಂಥದು. ಮಗ ಯಾವ ಕಟ್ಟಡದಲ್ಲಿದ್ದಾನೆ ಎಂಬುದಕ್ಕೆ ಒಂದು ಠಾಣೆಯ ದಿನಚರಿ ಪುಸ್ತಕದಲ್ಲಿ ಉತ್ತರ ಬರೆದಿರುವಾಗ, ತಾಯಿ ಅದನ್ನು ದೇವರಲ್ಲಿ ಕೇಳಬೇಕಾಗಿ ಬಂದರೆ ಅಲ್ಲಿ ಮನುಷ್ಯರ ಕರ್ತವ್ಯ ತಪ್ಪಿದೆ.

ಆ ಉತ್ತರ ಸಿಗುವ ದಾರಿಯನ್ನು ತಿಳಿದಿರುವುದು ಆದ್ದರಿಂದ ತತ್ತ್ವಚರ್ಚೆಯ ಹೊರಗಿನ ಮಾತಲ್ಲ. ಮಗನನ್ನು ಹಿಡಿದ ಠಾಣೆಯಲ್ಲಿ, ರೈಲು ನಿಲ್ದಾಣದಲ್ಲಿ ಹಿಡಿದಿದ್ದರೆ ರೈಲ್ವೆ ಪೊಲೀಸ್ ಠಾಣೆಯಲ್ಲಿ, ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರೆಂದು ಕೇಳಿ, ಮಗುವನ್ನು ಯಾವ ದಿನ, ಯಾವ ಮಂಡಳಿಯ ಮುಂದೆ ಹಾಜರುಪಡಿಸಲಾಯಿತು ಎಂಬುದನ್ನು ಪಡೆಯಬೇಕು. ಆರೋಪವೇ ಇಲ್ಲದೆ, ಒಂಟಿಯಾಗಿ ಅಲೆಯುತ್ತಿದ್ದುದರಿಂದ ಕರೆದೊಯ್ದ ಮಗು ಬಾಲ ನ್ಯಾಯ ಮಂಡಳಿಗೆ ಹೋಗುವುದಿಲ್ಲ, ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ನೋಡಿಕೊಳ್ಳುವ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ. ಮನೆಯವರಿಗೆ ಈ ವ್ಯತ್ಯಾಸ ಗೊತ್ತಿಲ್ಲದೆ ಒಂದೇ ಬಾಗಿಲನ್ನು ಮತ್ತೆ ಮತ್ತೆ ತಟ್ಟುವುದುಂಟು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಎರಡೂ ಕಡೆಯ ಕೊಂಡಿ. 1996ರಲ್ಲಿ ಮುಂಬಯಿಯಲ್ಲೇ ಹುಟ್ಟಿದ ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ದೂರವಾಣಿಯಿಂದಲೂ ಕರೆ ಮಾಡಬಹುದು. ಮಗುವಿಗೆ ಉಚಿತ ವಕೀಲರು ಸಿಗುವುದಕ್ಕೆ ಮನೆಯ ಆದಾಯದ ಮಿತಿ ಅಡ್ಡಬರುವುದಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಮಗುವೆಂಬ ಒಂದೇ ಕಾರಣಕ್ಕೆ ಆ ಅರ್ಹತೆ ಕೊಟ್ಟಿದೆ. ಬಾಂದ್ರಾದಿಂದ ಹಾರ್ಬರ್ ರೈಲಿನಲ್ಲಿ ಸ್ಯಾಂಡ್‌ಹರ್ಸ್ಟ್ ರೋಡ್‌ಗೆ ಹೋದರೆ ಡೋಂಗ್ರಿ, ವಡಾಲಾದಲ್ಲಿ ಬದಲಿಸಿ ಹೋದರೆ ಮಕ್ಕಳ ಗೃಹವಿರುವ ಮಾನ್‌ಖುರ್ದ್. ದೂರ ಹೆಚ್ಚಲ್ಲ, ಆದರೆ ದಿನಗೂಲಿಯವರಿಗೆ ಪ್ರತಿ ಮುಲಾಕಾತ್, ಅಂದರೆ ಭೇಟಿ, ಒಂದು ದಿನದ ಸಂಬಳ.

ಮನೆಯವರು ಬರುವುದರಿಂದ ಮಗುವಿಗೆ ಆಗುವುದು ಸಮಾಧಾನವಷ್ಟೇ ಅಲ್ಲ. 12ನೆಯ ಕಲಮಿನ ಪ್ರಕಾರ ಜಾಮೀನು ಮಗುವಿನ ಮಟ್ಟಿಗೆ ನಿಯಮ, ನಿರಾಕರಣೆ ಅಪವಾದ. ಆದರೂ ಮಗುವನ್ನು ಯಾರ ಕೈಗೆ ಒಪ್ಪಿಸಬೇಕೆಂಬುದಕ್ಕೆ ಮಂಡಳಿಯ ಮುಂದೆ ಒಂದು ಮುಖ ಇಲ್ಲದಿದ್ದರೆ ಆ ನಿಯಮ ಕಾಗದದಲ್ಲಿ ಉಳಿಯುತ್ತದೆ. ವಯಸ್ಸಿನ ವಿಷಯದಲ್ಲಿ ಇದು ಇನ್ನಷ್ಟು ತೀವ್ರ. ಶಾಲೆಯ ಜನನ ದಾಖಲೆ ಅಥವಾ ಹತ್ತನೆಯ ತರಗತಿಯ ಪ್ರಮಾಣಪತ್ರ, ಅದಿಲ್ಲದಿದ್ದರೆ ನಗರಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ ಎಂದು 94ನೆಯ ಕಲಮು ಕ್ರಮ ಹಾಕಿದೆ. ಮೂಳೆಯ ಪರೀಕ್ಷೆ ವರ್ಷಗಳ ಅಂತರದಲ್ಲಿ ತಪ್ಪಬಹುದಾದ ಅಂದಾಜು. ಹುಡುಗನ ವಯಸ್ಸನ್ನು ಠಾಣೆಯಲ್ಲಿ ಹತ್ತೊಂಬತ್ತೆಂದು ಬರೆದುಕೊಂಡರೆ ಅವನು ಹೋಗುವುದು ವಯಸ್ಕರ ಜೈಲಿಗೆ, ಮತ್ತು ಆಗ ಮಕ್ಕಳ ಯಾವ ಸಂಸ್ಥೆಯಲ್ಲಿ ಹುಡುಕಿದರೂ ಅವನ ಹೆಸರಿರುವುದಿಲ್ಲ. ಅವನು ಹುಟ್ಟಿದ ದಿನ ಯಾವುದೆಂದು ಬಲ್ಲವರು, ಆ ಕಾಗದವನ್ನು ಟ್ರಂಕಿನ ತಳದಿಂದ ಹುಡುಕಿ ತರಬಲ್ಲವರು ಮನೆಯವರು. ಅವರಿಗೆ ತಿಳಿಸದೆ ಹೋದಾಗ ವ್ಯವಸ್ಥೆ ಮಗುವಿನ ಜನ್ಮದ ಸಾಕ್ಷಿಗಳನ್ನೇ ಹೊರಗಿಟ್ಟು, ಮೂಳೆಗಳನ್ನು ಸಾಕ್ಷಿಗೆ ಕರೆಯುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಮಗುವಿನ ಗುರುತನ್ನು ಗುಟ್ಟಾಗಿಡುವುದು ಕಾಯ್ದೆಯ ಆಧಾರತತ್ತ್ವಗಳಲ್ಲಿ ಒಂದು. ಹೆಸರು, ವಿಳಾಸ, ಶಾಲೆಗಳನ್ನು ಪ್ರಕಟಿಸಿದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ 74ನೆಯ ಕಲಮು ವಿಧಿಸುತ್ತದೆ. ಹೀಗಿರುವಾಗ ದೂರವಾಣಿಯಲ್ಲಿ ಕೇಳಿದವರಿಗೆಲ್ಲ ಮಗು ಇಲ್ಲಿದೆಯೆಂದು ಹೇಳುವುದು ಹೇಗೆ ಎಂಬ ವೀಕ್ಷಣಾಲಯದ ಸಂಕೋಚ ನ್ಯಾಯವಾದುದೇ. ಕ್ರುದ್ಧನಾದ ದೂರುದಾರನೋ, ಹುಡುಗನನ್ನು ಕಳವಿಗೆ ಹಚ್ಚಿದ ದೊಡ್ಡವನೋ ಚಿಕ್ಕಪ್ಪನೆಂದು ಹೇಳಿಕೊಂಡು ಕೇಳಬಹುದು. ಆದರೆ ಈ ಗುಟ್ಟು ಜಗತ್ತಿನ ಎದುರು ಇಡಬೇಕಾದ ಗುಟ್ಟು, ಮನೆಯ ಎದುರು ಇಡಬೇಕಾದುದಲ್ಲ. ಗೌಪ್ಯವೆಂದು ಎಣಿಸಿದ ವರದಿಗಳ ಸಾರವನ್ನು ಕೂಡ ಮಗುವಿಗೆ, ತಾಯಿತಂದೆಗೆ ತಿಳಿಸಬಹುದೆಂದು 99ನೆಯ ಕಲಮು ಅವಕಾಶ ಕೊಟ್ಟಿರುವುದು ಇದಕ್ಕೆ ಆಧಾರ. ಬಂದವರು ಯಾರೆಂದು ಪರಿಶೀಲಿಸುವುದು ಕರ್ತವ್ಯ. ಪರಿಶೀಲಿಸುವ ಶ್ರಮ ತಪ್ಪಿಸಿಕೊಳ್ಳಲು ಎಲ್ಲರನ್ನೂ ಹಿಂದಕ್ಕೆ ಕಳಿಸುವುದು ಗೌಪ್ಯತೆಯ ಹೆಸರಿನಲ್ಲಿ ನಡೆಯುವ ಕರ್ತವ್ಯಲೋಪ.

ಹೆಚ್ಚು ಕಠಿಣವಾದುದು ಮಗುವಿನ ಮೌನ. ಹಿಡಿಯಲ್ಪಟ್ಟ ಹುಡುಗ ತನ್ನ ಊರನ್ನು ಹೇಳದಿರಬಹುದು, ಸುಳ್ಳು ಹೆಸರು ಕೊಡಬಹುದು, ತನಗೆ ಯಾರೂ ಇಲ್ಲವೆನ್ನಬಹುದು. ಅದರ ಹಿಂದೆ ಅವಮಾನವಿರಬಹುದು, ಅಪ್ಪನ ಹೊಡೆತದ ಭಯವಿರಬಹುದು, ಅವ್ವ ಕೆಲಸ ಬಿಟ್ಟು ಅಳುತ್ತ ಬರುವುದು ಬೇಡವೆಂಬ ಕಾಳಜಿಯೂ ಇರಬಹುದು. ಮಾಂಡವ್ಯನ ಮೌನವನ್ನು ತಪ್ಪಾಗಿ ಓದಿದ ರಾಜನಂತೆ, ಈ ಮೌನವನ್ನು ಹಟಮಾರಿತನವೆಂದು ಓದುವುದು ಸುಲಭ. ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂಬ ತತ್ತ್ವವೂ ಕುಟುಂಬದ ಹೊಣೆಯ ತತ್ತ್ವವೂ ಒಂದೇ ಕಾಯ್ದೆಯ ಒಂದೇ ಕಲಮಿನಲ್ಲಿವೆ. ಮಗು ಮನೆಯನ್ನು ಬೇಡವೆಂದಾಗ ಯಾವುದು ಗೆಲ್ಲಬೇಕು?

ಮಗು ಸುರಕ್ಷಿತವಾಗಿದೆ ಎಂಬ ಸುದ್ದಿ ಬೇರೆ, ಅದು ಇರುವ ತಾಣ ಬೇರೆ, ಅದನ್ನು ಕಾಣುವ ಭೇಟಿ ಬೇರೆ ಎಂದು ವಿಂಗಡಿಸಿಕೊಂಡರೆ ದಾರಿ ಕಾಣುತ್ತದೆ. ಬದುಕಿದ್ದಾನೆ ಎಂಬ ಸುದ್ದಿಯನ್ನು ಹೆತ್ತವರಿಂದ ತಡೆಹಿಡಿಯಲು ಮಗುವಿನ ಇಷ್ಟವೊಂದೇ ಸಾಲದು. ಇನ್ನೊಬ್ಬ ಮನುಷ್ಯನನ್ನು ಕೊನೆಯಿಲ್ಲದ ಅನಿಶ್ಚಯದಲ್ಲಿ ಇಡುವ ಹಕ್ಕು ಯಾರಿಗೂ, ನೊಂದ ಮಗನಿಗೂ, ಇಲ್ಲ. ತಾಣವನ್ನು ತಿಳಿಸುವುದು ಸಾಮಾನ್ಯ ನಿಯಮವಾಗಿದ್ದು, ಮನೆಯಿಂದಲೇ ಅಪಾಯವಿದೆಯೆಂದು ಮಂಡಳಿ ವಿಚಾರಿಸಿ ಕಂಡುಕೊಂಡಾಗ ಮಾತ್ರ ಅದನ್ನು ತಡೆಯಬಹುದು. ಭೇಟಿಯಾದರೋ ಮಗು ಒಪ್ಪದೆ ಅರ್ಥವಿಲ್ಲದ್ದು. ಬಲವಂತವಾಗಿ ಎದುರು ಕೂರಿಸಿದ ಮುಲಾಕಾತ್ ಸಂಬಂಧವನ್ನು ಕಟ್ಟುವುದಿಲ್ಲ. ಹಿಡಿದ ಮಗುವಿನ ಮನೆಯ, ನೆರೆಯ, ಶಾಲೆಯ ಸ್ಥಿತಿಯನ್ನು ವಿಚಾರಿಸಿ ಪ್ರೊಬೇಷನ್ ಅಧಿಕಾರಿ ಎರಡು ವಾರಗಳೊಳಗೆ ಮಂಡಳಿಗೆ ಕೊಡಬೇಕಾದ ಸಾಮಾಜಿಕ ತನಿಖಾ ವರದಿ ಈ ವಿವೇಚನೆಗೆ ನೆಲೆಯಾಗಬಲ್ಲದು, ಅದನ್ನು ನಮೂನೆ ತುಂಬುವ ಕೆಲಸವೆಂದು ಭಾವಿಸದೆ ಇದ್ದರೆ. ಮೌನವಾಗಿದ್ದ ಹುಡುಗ ಮಾತಾಡುವುದು ಸಾಮಾನ್ಯವಾಗಿ ಆರೋಪದ ಬಗ್ಗೆ ಕೇಳಿದಾಗಲ್ಲ, ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ತನ್ನ ಭಾಷೆಯಲ್ಲಿ ಯಾರಾದರೂ ಕೇಳಿದಾಗ.

ಭಾಷೆಯ ಈ ಮಾತು ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ್ದು. ಕರಾವಳಿಯಿಂದ ಮುಂಬಯಿಯ ಹೋಟೆಲುಗಳಿಗೆ ಹೋದ ತಲೆಮಾರುಗಳ ಹುಡುಗರಲ್ಲಿ ಮನೆಯಲ್ಲಿ ಹೇಳದೆ ಹೊರಟವರೂ ಇದ್ದರು. ಅವರ ಸುದ್ದಿ ಊರಿಗೆ ಮುಟ್ಟುತ್ತಿದ್ದದ್ದು ಊರಿನವರ ಬಾಯಿಯಿಂದ, ಜಾತಿ ಸಂಘಗಳಿಂದ, ಕನ್ನಡದ ರಾತ್ರಿಶಾಲೆಗಳಿಂದ. ಆ ಜಾಲದಿಂದ ಮಗು ತಪ್ಪಿಸಿಕೊಳ್ಳುವುದು ಕಷ್ಟವಿತ್ತು. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಕಟ್ಟಡದ ಕೆಲಸಕ್ಕೆ ಬಂದು ತಿಂಗಳಿಗೊಂದು ಜಾಗ ಬದಲಿಸುವ ಕುಟುಂಬಗಳಿಗೆ ಅಂಥ ಜಾಲವಿಲ್ಲ, ಮರಾಠಿಯಲ್ಲಿರುವ ಕಾಗದ ಓದಲು ಬರುವುದಿಲ್ಲ, ಮಂಡಳಿ ಕೂರುವ ದಿನಕ್ಕೆ ಅವರು ಬೇರೆ ಕೆಲಸದ ಜಾಗಕ್ಕೆ ಹೋಗಿರಬಹುದು. ಬೇರೆ ರಾಜ್ಯದ ಮಗುವನ್ನು ಅದರ ಊರಿರುವ ಜಿಲ್ಲೆಯ ಮಂಡಳಿಗೋ ಸಮಿತಿಗೋ ವರ್ಗಾಯಿಸಲು 95ನೆಯ ಕಲಮಿನಲ್ಲಿ ಅವಕಾಶವಿದೆ, ಮಂಡಳಿಯ ಮುಂದೆ ದುಭಾಷಿಯ ನೆರವು ಕೇಳಬಹುದು, ಸಂಸ್ಥೆಯ ಒಳಗಿಂದ ಮಗು ಪತ್ರ ಬರೆಯಬಹುದು. ಈ ಮೂರನ್ನೂ ಕೇಳಬಹುದೆಂದು ಮನೆಯವರಿಗೆ ಕನ್ನಡದಲ್ಲಿ ಹೇಳುವವರು ಬೇಕು. ಮುಂಬಯಿಯ ಕನ್ನಡ ಸಂಘಗಳು ಒಂದು ಕಾಲದಲ್ಲಿ ಹೋಟೆಲಿನ ಹುಡುಗರಿಗೆ ಅಕ್ಷರ ಕಲಿಸುವುದನ್ನು ತಮ್ಮ ಧರ್ಮವೆಂದು ತಿಳಿದಂತೆ ಇದನ್ನೂ ತಿಳಿಯುವುದು ನ್ಯಾಯ.

ಎಲ್ಲ ಮುಗಿದು ಮಗು ಮನೆಗೆ ಮರಳಿದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಮಗುವಿಗೆ ಹೊಸ ಆರಂಭ ಸಿಗಬೇಕೆಂಬ ತತ್ತ್ವದ ಮೇರೆಗೆ, ಹದಿನಾರು ದಾಟಿ ಘೋರ ಅಪರಾಧಕ್ಕಾಗಿ ಮಕ್ಕಳ ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ಕಂಡುಬಂದವರನ್ನು ಬಿಟ್ಟು, ಉಳಿದವರ ದಾಖಲೆಗಳನ್ನು ಮೇಲ್ಮನವಿಯ ಅವಧಿ ಕಳೆದ ನಂತರ ನಾಶಪಡಿಸಲು 24ನೆಯ ಕಲಮು ಹೇಳುತ್ತದೆ. ಹುಡುಗ ಎಲ್ಲಿದ್ದನೆಂಬುದನ್ನು ಪ್ರಭುತ್ವ ಕರ್ತವ್ಯವಾಗಿ ಮರೆಯುತ್ತದೆ, ಕಾಗದ ಸುಟ್ಟ ಮೇಲೆ ಅದು ಉಳಿಯುವುದು ಮನೆಯವರ ನೆನಪಿನಲ್ಲಿ ಮಾತ್ರ. ನಡೆದದ್ದನ್ನು ಮನಸ್ಸಿನಿಂದ ತೆಗೆದುಹಾಕುವುದು ಮನೆಯವರಿಗೆ ಸಾಧ್ಯವಿಲ್ಲ, ಅದನ್ನು ಅವರಿಂದ ನಿರೀಕ್ಷಿಸಲೂ ಆಗದು. ಆದರೆ ಜಗಳದ ಹೊತ್ತಿನಲ್ಲಿ, ಮದುವೆಯ ಮಾತುಕತೆಯಲ್ಲಿ, ತಮ್ಮನಿಗೆ ಬುದ್ಧಿ ಹೇಳುವ ನೆಪದಲ್ಲಿ ‘ಡೋಂಗ್ರಿಯಲ್ಲಿದ್ದವನು’ ಎಂಬ ಮಾತು ಬಾಯಿಗೆ ಬಂದಾಗ, ಕಾನೂನು ಅಳಿಸಿದ ದಾಖಲೆಯನ್ನು ತಾವು ಮತ್ತೆ ಬರೆಯುತ್ತಿದ್ದೇವೆಂದು ಅವರು ತಿಳಿಯಬೇಕು. ಎಲ್ಲಿದ್ದಾನೆಂದು ತಿಳಿಯುವ ಹಕ್ಕನ್ನು ಪ್ರಭುತ್ವದಿಂದ ಕೇಳಿ ಪಡೆದವರ ಮೇಲೆ, ಎಲ್ಲಿದ್ದನೆಂಬುದನ್ನು ಅವನ ವಿರುದ್ಧ ಬಳಸದಿರುವ ಹೊಣೆಯೂ ಅಷ್ಟೇ ಇದೆ.